ಹೂವಿನ ನೆಪ

ಹೂಮಳೆ ಬಿದ್ದು, ಗಿಡಗಳು ಹೂಬಿಟ್ಟು ಕಾಫಿ ತೋಟವೆಲ್ಲ ಬೆಳ್ಳಗಾಗಿತ್ತು. ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ರೇಣುಕಪ್ರಸಾದ್ ಬೆಳಗಿನಿಂದ ಗೇಟಿನ ಹತ್ತಿರವೇ ಸುಳಿದಾಡುತ್ತಿದ್ದ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಳ್ಳುತ್ತಿದ್ದ. ಪ್ರತಿ ಸಲವೂ ಅದು ಮೊದಲಿಗಿಂತ ಕೆಟ್ಟದಾಗಿ ಕೇಳುತ್ತಿತ್ತು.

ಗೋಣಿಬೀಡಿನ ಕಡೆಯಿಂದ ಮೈಕ್ ಕಟ್ಟಿದ ಜೀಪು ಬಂದು ನಿಂತಿತು. ಇಳಿದವಳು ಶಾಲಿನಿ. ಕೊಟ್ಟಿಗೆಹಾರದಲ್ಲಿ ಅವಳದೊಂದು ಟೈಲರ್ ಅಂಗಡಿ; ಹುಟ್ಟಿ ಬೆಳೆದದ್ದು ಕೂಲಿಯವರ ಲೈನ್ ಮನೆಯಲ್ಲಿ. ಈಗ ಪಾರ್ಲಿಮೆಂಟಿಗೆ ಪಕ್ಷೇತರಳಾಗಿ ನಿಂತಿದ್ದಳು. ಜೀವಮಾನವೆಲ್ಲ ತೋಟದಲ್ಲಿ ದುಡಿದವರಿಗೆ ಕೆಲಸ ಬಿಟ್ಟ ಮೇಲೆ ಇರಲು ಒಂದು ಸೂರು ಬೇಕು ಎನ್ನುವುದೇ ಅವಳು ಹೋದಲ್ಲೆಲ್ಲ ಆಡುತ್ತಿದ್ದ ಮಾತು. ಸಂಜೆ ಕಾಲೇಜಿನಲ್ಲಿ ಇಬ್ಬರೂ ಒಟ್ಟಿಗೆ ಓದಿದವರು. "ನೀನು ನಿಲ್ಲು, ನಮ್ಮ ತೋಟದಲ್ಲಿ ಜನ ಸೇರ್ಸೋದು ನಂಗಿರ್ಲಿ" ಎಂದು ಅವಳನ್ನು ಹುರಿದುಂಬಿಸಿದವನು ರೇಣುಕಪ್ರಸಾದನೇ.

ಆದರೆ ಹಿಂದಿನ ದಿನ ತೋಟದ ಸಾವ್ಕಾರ್ ವಿಶ್ವನಾಥರು ಚಿಕ್ಕಮಗಳೂರಿನಿಂದ ಫೋನ್ ಮಾಡಿದ್ದರು. "ಆ ಹೆಂಗಸು ಬಂದ್ರೆ ಒಳಗೆ ಬಿಡೋದು ಬೇಡ ಪ್ರಸಾದ್. ಜಗಳ ಗಿಗಳ ಮಾಡ್ಬೇಡಿ, ಏನಾದ್ರೂ ಹೇಳಿ ಕಳ್ಸಿ. ನೀವು ಓದಿದವ್ರು, ನಿಮ್ಗೆ ಹೇಳ್ಕೊಡ್ಬೇಕಾ?"

"ಹೂವು ಬಿಟ್ಟಿದೆ ಶಾಲಿನಿ" ಎಂದ ರೇಣುಕಪ್ರಸಾದ್, ಗೇಟಿನ ಚಿಲಕ ಹಿಡಿದುಕೊಂಡೇ. "ಈಗ ಯಾರನ್ನೂ ಒಳಗೆ ಬಿಡೋ ಹಾಗಿಲ್ಲ."

ಹೂವು ಅರಳಿರುವಾಗ ಗಿಡದ ಸಾಲಿಗೆ ಆಳು ಇಳಿಸುವುದಿಲ್ಲ ಎನ್ನುವುದು ನಿಜ. ಮೈ ತಗುಲಿ ಹೂವು ಉದುರಿದರೆ ಅಲ್ಲಿಗೆ ಆ ಕಾಯಿ ಹೋಯಿತು. ಆದರೆ ಆಳುಗಳ ಲೈನ್ ಮನೆಗಳಿಗೆ ಹೋಗಲು ಅಗಲವಾದ ಜೀಪ್ ರಸ್ತೆಯೇ ಇತ್ತು. ಯಾವ ಗಿಡವೂ ತಗುಲುತ್ತಿರಲಿಲ್ಲ.

ಜೀಪು ಓಡಿಸುತ್ತಿದ್ದ ಕೆಂಪಯ್ಯ ಕತ್ತು ಹೊರಹಾಕಿದ. "ರಸ್ತೆಗೂ ಹೂವು ಬಿಟ್ಟಿದ್ಯಾ ರೈಟ್ರೇ?"

"ಸುಮ್ನಿರು ಮಾರಾಯ" ಎಂದಳು ಶಾಲಿನಿ. "ಮೈಕ್ ಸದ್ದು ಕೇಳಿದ್ರೆ ಮಕ್ಕಳು ಸಾಲೊಳಗೆಲ್ಲ ನುಗ್ಗಿ ಓಡಿ ಬರ್ತವೆ. ನಮ್ಮಮ್ಮ ಹೂವಿನ ಟೈಮಲ್ಲಿ ನಮ್ಮನ್ನ ಹೊರಗೇ ಬಿಡ್ತಿರ್ಲಿಲ್ಲ." ಆಮೇಲೆ ಇವನ ಕಡೆ ತಿರುಗಿದಳು. "ನನ್ನದೇ ತಪ್ಪು ಪ್ರಸಾದ, ಮಳೆ ಬಿದ್ದಾಗಲೇ ನೆನಪಾಗ್ಬೇಕಿತ್ತು. ಹೂವು ಕಂದಿದ ಮೇಲೆ ಬರ್ತೀನಿ."

ಅವನಿಗೆ ತೋಚದೇ ಇದ್ದ ಕಾರಣವನ್ನೂ ಅವಳೇ ಹುಡುಕಿ ಕೊಟ್ಟಿದ್ದಳು. ತಿರುವು ದಾಟುವವರೆಗೂ ಮೈಕ್ ಹಾಕಬೇಡ ಎಂದು ಅವಳು ಕೆಂಪಯ್ಯನಿಗೆ ಹೇಳಿದ್ದು ಕೇಳಿಸಿತು.

ಮರುದಿನ ದೊಡ್ಡ ಪಕ್ಷದ ಅಭ್ಯರ್ಥಿಯ ಕಾರುಗಳು ಸಾಲಾಗಿ ಬಂದವು. ಸಾವ್ಕಾರರೇ ಮುಂದಿನ ಕಾರಿನಲ್ಲಿದ್ದರು. ಹೂವಿನ ನಡುವೆ ಒಂದು ಫೋಟೋ ಆಗಲಿ ಎಂದು ಯಾರೋ ಅಂದದ್ದೇ ತಡ, ಬಿಳಿ ಅಂಗಿಯವರೆಲ್ಲ ಸಾಲಿಗೆ ಇಳಿದರು. "ಪ್ರಸಾದ್, ಆ ರೆಂಬೆ ಸ್ವಲ್ಪ ಹಿಡ್ಕೊಳ್ಳಿ" ಎಂದರು ಸಾವ್ಕಾರರು. ರೇಣುಕಪ್ರಸಾದ್ ರೆಂಬೆಯನ್ನು ಹಿಂದಕ್ಕೆ ಎಳೆದು ಹಿಡಿದುಕೊಂಡ. ಹೂವು ಅವನ ತೋಳಿನ ಮೇಲೆಲ್ಲ ಉದುರಿತು. ಯಾರೋ ಫೋನಿನಲ್ಲಿ ತೆಗೆದು ಹರಿಬಿಟ್ಟ ವಿಡಿಯೋದಲ್ಲಿ ಅವನ ಮುಖವೂ ಬಂತು.

ಪ್ರಚಾರ ಮುಗಿಯುವ ದಿನ ಇಳಿಹೊತ್ತಿಗೆ ಶಾಲಿನಿಯ ಫೋನು ಬಂತು. ಹೂವು ಆಗಲೇ ಕಂದಿ ಕೆಂಚಗಾಗಿತ್ತು.

"ವಿಡಿಯೋ ನೋಡ್ದೆ ಪ್ರಸಾದ" ಎಂದಳು.

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಕೆಂಪಯ್ಯ ಬೈತಿದ್ದ, ನಿಮ್ಮ ಫ್ರೆಂಡು ಸುಳ್ಳು ಹೇಳಿ ಕಳ್ಸಿದ್ರು ಅಂತ. ನಾನಂದೆ, ಸಾವ್ಕಾರ್ರೇ ಕರ್ಕೊಂಡು ಬಂದ್ರೆ ಪಾಪ ಅವನೇನು ಮಾಡ್ತಾನೆ? ಅವನು ಸುಳ್ಳು ಹೇಳೋ ಪೈಕಿ ಅಲ್ಲ ಅಂತ. ಸರಿ ತಾನೇ?"

ಆಗ ನಿಜ ಹೇಳಬಹುದಿತ್ತು. "ಹ್ಞೂಂ" ಎಂದ.

"ನಾನು ಸಂಸೆ ಕಡೆ ಸಿಕ್ಕಾಕೊಂಡಿದ್ದೀನಿ. ನಿಮ್ಮಲ್ಲಿಗೆ ಬರೋಕೆ ಟೈಮ್ ಇಲ್ಲ. ನೀನೇ ಒಂಚೂರು ಲೈನಿಗೆ ಹೋಗಿ ನನ್ನ ಹೆಸರು ಹೇಳ್ತೀಯಾ? ಅಷ್ಟು ಸಾಕು."

"ಈಗ್ಲೇ ಹೋಗ್ತೀನಿ" ಎಂದ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಇಷ್ಟನ್ನಾದರೂ ಮಾಡಿದರೆ ಅವಳಿಗೆ ಮತ್ತೆ ಮುಖ ತೋರಿಸಬಹುದು ಅನ್ನಿಸಿತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಾ ನಡೆದ.

ಲೈನಿನ ಮುಂದೆ ಜನ ಕೆಲಸ ಮುಗಿಸಿ ಬಂದು ಕೂತಿದ್ದರು. ಕಂಬಕ್ಕೆ ಒರಗಿಕೊಂಡು ಆಳುಗಳ ಮೇಸ್ತ್ರಿ ನಾಗೇಶನೂ ನಿಂತಿದ್ದ. ನಾಗೇಶನ ಕಿವಿಗೆ ಬಿದ್ದದ್ದು ಸಾವ್ಕಾರರಿಗೆ ತಲುಪದೆ ಇರುತ್ತಿರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಯಲ್ಲಮ್ಮ ಒಂದು ಸ್ಟೂಲ್ ತಂದಿಟ್ಟಳು. ಬರುವ ವರ್ಷ ಕೆಲಸ ಮುಗಿದು ಅವಳು ಆ ಮನೆ ಬಿಡಬೇಕಿತ್ತು.

"ಏನ್ ರೈಟ್ರೇ, ಇಲ್ಲೀವರೆಗೆ?" ಎಂದ ನಾಗೇಶ.

ರೇಣುಕಪ್ರಸಾದ್ ಎಲ್ಲರ ಮುಖ ನೋಡಿದ. "ಓಟಿನ ದಿನ ರಜೆ ಇದೆ" ಎಂದ. "ಎಲ್ಲರೂ ತಪ್ಪದೆ ಹೋಗಿ ಹಾಕಿ."

"ಯಾರಿಗೆ ಹಾಕೋಣ ರೈಟ್ರೇ?" ಯಲ್ಲಮ್ಮ ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಅದು... ನಿಮ್ಮಿಷ್ಟ ಅಮ್ಮ."

"ಇದನ್ನ ಹೇಳೋಕೆ ಇಷ್ಟು ದೂರ ಇಳ್ಕೊಂಡು ಬಂದ್ರಾ?"

ಒಂದಿಬ್ಬರು ನಕ್ಕರು. ನಾಗೇಶ ನಗಲಿಲ್ಲ, ತಲೆಯಾಡಿಸಿದ, ಅದು ಮೆಚ್ಚುಗೆಯಂತಿತ್ತು. ಹೆಂಗಸರು ಎದ್ದು ಒಲೆಯ ಕಡೆ ಹೋದರು. ನಾಗೇಶನೂ ಮನೆಯ ಕಡೆ ಹೊರಟ. ಎದ್ದು ಹೋಗುವುದಕ್ಕೂ ನಾಚಿಕೆಯಾಗಿ ರೇಣುಕಪ್ರಸಾದ್ ಸ್ಟೂಲಿನ ಮೇಲೆಯೇ ಕೂತ. ಯಲ್ಲಮ್ಮ ಬೆಲ್ಲದ ಕಾಫಿ ತಂದುಕೊಟ್ಟು ಎದುರಿಗೇ ಕೂತಳು.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಹೋಗಿದ್ಯಾ ಪ್ರಸಾದ? ಏನಂದ್ರು?" ಶಾಲಿನಿಯ ದನಿ ಹೊರಗೂ ಕೇಳುವಷ್ಟು ಜೋರಾಗಿತ್ತು.

ಮೇಸ್ತ್ರಿ ಹೋಗಿಯಾಗಿತ್ತು. ಅಲ್ಲಿ ಈಗ ಯಲ್ಲಮ್ಮನನ್ನು ಬಿಟ್ಟು ಯಾರೂ ಇರಲಿಲ್ಲ.

"ಹೇಳ್ದೆ" ಎಂದ. "ನಿನ್ನ ಹೆಸರು ಹೇಳ್ದೆ. ಎಲ್ಲರೂ ಕೇಳ್ಕೊಂಡ್ರು."

"ನಂಗೊತ್ತಿತ್ತು ಮಾರಾಯ" ಎಂದಳು ಅವಳು.

ಯಲ್ಲಮ್ಮ ಅವನನ್ನೇ ನೋಡುತ್ತಿದ್ದಳು. ಕೈ ಚಾಚಿ, ಅರ್ಧ ಕಾಫಿ ಉಳಿದಿದ್ದ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.