ಏಳಿಸುವ ಮದ್ದಿನ ಅರ್ಧ ಪಾಲು

ಗಡಿಯಾರ ನೋಡುವುದು ನನ್ನ ಕೆಲಸ. ಮೃಗಾಲಯದ ಆಸ್ಪತ್ರೆಯವರು ಒಂದು ಪ್ರಾಣಿಯನ್ನು ಮಲಗಿಸಿದರೆಂದರೆ ಅಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಹಾಗಾಗಿ ಒಬ್ಬಳು ಸ್ವಲ್ಪ ದೂರ ನಿಂತು ಹೊತ್ತು ಬರೆಯಬೇಕು. ಸೂಜಿ ತಾಗಿದ ಹೊತ್ತು, ಕಾಲು ತಡವರಿಸಿದ ಹೊತ್ತು, ನೆಲ ಹಿಡಿದ ಹೊತ್ತು; ಆಮೇಲೆ ಐದೈದು ನಿಮಿಷಕ್ಕೆ ಉಸಿರೆಷ್ಟು, ನಾಡಿಯೆಷ್ಟು, ಮೈ ಎಷ್ಟು ಬಿಸಿ. ಪದವಿ ಮುಗಿಸಿ ಎರಡು ವರ್ಷ ಮನೆಯ ಕಿಟಕಿ ಪಕ್ಕದಲ್ಲೇ ಕೂತಿದ್ದ ನನ್ನನ್ನು ಇಲ್ಲಿಗೆ ತಂದು ಸೇರಿಸಿದ್ದು ಅಮ್ಮನ ತಮ್ಮ. ಮಾವ ಇಲ್ಲಿ ಕಾಂಪೌಂಡರ್. ಮಾತಾಡಬೇಕಾಗಿಲ್ಲ, ಬರೆದರೆ ಸಾಕು ಎಂದು ಹೇಳಿಯೇ ಅವನು ನನ್ನನ್ನು ಒಪ್ಪಿಸಿದ್ದ. ನಾನು ಆಯ್ತು ಅಂದಿದ್ದೆ.

ನಾನು ಎಲ್ಲದಕ್ಕೂ ಆಯ್ತು ಅನ್ನುವವಳೇ. ಅಡುಗೆ ಆಯ್ತಾ ಅಂದರೂ ಆಯ್ತು, ನಾಳೆ ಬೇಗ ಏಳು ಅಂದರೂ ಆಯ್ತು. ಇವಳ ಹತ್ತಿರ ಇರುವುದು ಒಂದೇ ನಾಣ್ಯ, ಎಲ್ಲ ಅಂಗಡಿಯಲ್ಲೂ ಅದನ್ನೇ ಚಲಾಯಿಸುತ್ತಾಳೆ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು.

ಆವತ್ತು ಮಲಗಿಸಬೇಕಾಗಿದ್ದದ್ದು ಒಂದು ಹೆಣ್ಣು ಜೀಬ್ರಾ. ಅದಕ್ಕೆ ಹಿರಿಸೊಸೆ ಎಂದು ಹೆಸರಿಟ್ಟವನು ಅದನ್ನು ನೋಡಿಕೊಳ್ಳುವ ಬೀಗದಣ್ಣ. ಸೊಂಟದ ತುಂಬ ಬೀಗದ ಕೈ ಕಟ್ಟಿಕೊಂಡಿರುತ್ತಾನೆಂದು ಅವನಿಗೆ ಆ ಹೆಸರು. ಕೂಗಿದರೆ ಬರುವುದಿಲ್ಲ, ಬೆನ್ನು ತಿರುಗಿಸಿ ನಿಂತು ಕಿವಿ ಮಾತ್ರ ಇತ್ತ ಕೊಡುತ್ತಾಳೆ, ಹಿರಿಸೊಸೆಯಲ್ಲದೆ ಇನ್ನೇನು ಎಂದು ಅವನ ವಾದ. ಮೂರು ವಾರದಿಂದ ಅವಳ ಮುಂಗಾಲಿನ ಗೊರಸು ಬಿರುಕು ಬಿಟ್ಟು, ಒಳಗೆ ಕೀವು ತುಂಬಿತ್ತು. ಐದು ತಿಂಗಳ ಮರಿ ಬೆನ್ನಿಗಿತ್ತು. ಕುಂಟುತ್ತಲೇ ಅದಕ್ಕೆ ಹಾಲು ಕೊಡುತ್ತಿದ್ದಳು.

ಮಲಗಿಸುವುದು ಯಾರ ಕೈಯಲ್ಲೂ ಆಗುತ್ತದೆ, ಏಳಿಸುವುದೇ ವಿದ್ಯೆ ಎಂದು ಡಾಕ್ಟರಮ್ಮ ಪ್ರತಿಸಲ ಪೆಟ್ಟಿಗೆ ತೆರೆಯುವಾಗ ಹೇಳುತ್ತಾರೆ. ಮಲಗಿಸುವ ಆ ಮದ್ದು ಎಷ್ಟು ಕಟುವೆಂದರೆ, ಒಂದು ಹನಿ ನಮ್ಮ ಕೈಯ ಗಾಯಕ್ಕೆ ತಾಗಿದರೂ ಉಸಿರು ನಿಲ್ಲಬಹುದು. ಅದಕ್ಕಾಗಿ ಕೆಂಪು ಪಟ್ಟಿಯ ಒಂದು ಸಿರಿಂಜಿನಲ್ಲಿ ಏಳಿಸುವ ಮದ್ದನ್ನು ಮನುಷ್ಯರಿಗೆಂದೇ ತುಂಬಿ ಇಟ್ಟಿರುತ್ತಾರೆ. ನಿಮ್ಮತ್ತೆ ನೀರೆರಚಿದರೂ ಏಳದ ನಾನು ಅದಕ್ಕೆ ಏಳುತ್ತೇನಾ ನೋಡಬೇಕು ಎಂದು ಮಾವ ನಗಿಸುತ್ತಿದ್ದ. ಬಿಳಿ ಪಟ್ಟಿಯ ಎರಡು ಸಿರಿಂಜ್ ಪ್ರಾಣಿಗೆ. ಏಳಿಸುವ ಮದ್ದನ್ನು ಎರಡು ಪಾಲು ಮಾಡಿ, ಒಂದನ್ನು ರಕ್ತನಾಳಕ್ಕೆ, ಇನ್ನೊಂದನ್ನು ಸ್ನಾಯುವಿಗೆ ಕೊಡುತ್ತಾರೆ. ಮೊದಲ ಪಾಲಿಗೆ ಪ್ರಾಣಿ ಎದ್ದು ನಿಲ್ಲುತ್ತದೆ. ಆದರೆ ಮಲಗಿಸಿದ ಮದ್ದು ಮೈಯ ಕೊಬ್ಬಿನಲ್ಲಿ ಅಡಗಿ ಕೂತು, ಎರಡು ಮೂರು ಗಂಟೆ ಕಳೆದ ಮೇಲೆ ಮೆಲ್ಲಗೆ ರಕ್ತಕ್ಕೆ ಇಳಿಯುತ್ತದೆ. ಆಗ ಅದನ್ನು ತಡೆಯುವುದು ಎರಡನೇ ಪಾಲು.

ಬಿಸಿಲೇರುವ ಮುಂಚೆ ಮುಗಿಸಬೇಕಿತ್ತು. ಹತ್ತು ಗಂಟೆ ಎರಡು ನಿಮಿಷಕ್ಕೆ, ದೂರದಿಂದ ಹಾರಿಸಿದ ಡಾರ್ಟ್ ಸೂಜಿ ತೊಡೆಗೆ ತಾಗಿತು. ಹತ್ತು ಎಂಟಕ್ಕೆ ಹಿರಿಸೊಸೆ ನೆಲ ಹಿಡಿದಳು. ಬೀಗದಣ್ಣ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದುಕೊಂಡ. ಮರಿ ಪಕ್ಕದ ಕಟಕಟೆಯೊಳಗೆ ಹಲಗೆ ಒದೆಯುತ್ತಿತ್ತು. ಗೊರಸು ಕೆರೆದು, ಕೀವು ತೆಗೆದು, ತೊಳೆದು, ಮದ್ದು ತುಂಬಿದ್ದಾಯಿತು. ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು.

ಡಾಕ್ಟರಮ್ಮ ಕತ್ತಿನ ನಾಳಕ್ಕೆ ಮೊದಲ ಪಾಲು ಕೊಟ್ಟರು. ಕಣ್ಣನ್ನು ಜೀಬ್ರಾದ ಮೇಲಿಂದ ತೆಗೆಯದೆ, ತಿರುಗದೆ ಹೇಳಿದರು: "ಸ್ನಾಯುವಿಗೆ ಕೊಟ್ಟು ಹೊತ್ತು ಬರ್ಕೋ."

ಕೊಡುವುದು ಮಾವನ ಕೆಲಸ, ಬರೆಯುವುದು ನನ್ನದು. ಮಾವ ಆ ಕಡೆ ಹಿಂಗಾಲಿನ ಹಗ್ಗ ಬಿಚ್ಚುವುದರಲ್ಲಿದ್ದ. ಆ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ.

ನಾನು "ಆಯ್ತು" ಅಂದೆ.

ಮಾವ ಕೊಡುತ್ತಾನೆ, ನಾನು ಬರೆದುಕೊಳ್ಳುತ್ತೇನೆ ಎಂಬುದು ನನ್ನ ಅರ್ಥ. ಕೊಟ್ಟಾಯಿತು ಎಂದು ಡಾಕ್ಟರಮ್ಮನಿಗೆ ಕೇಳಿಸಿತು. ಎರಡನ್ನೂ ಡಾಕ್ಟರಮ್ಮನೇ ಕೊಟ್ಟು ಮುಗಿಸಿದ್ದಾರೆ ಎಂದು ಮಾವ ತಿಳಿದ. ನಾನು ಹಾಳೆಯಲ್ಲಿ 'ಸ್ನಾಯು' ಎಂಬ ಕಲಮಿನ ಎದುರು ಹತ್ತು ನಲವತ್ತೊಂದು ಎಂದು ಗುಂಡಾಗಿ ಬರೆದೆ. ಎಲ್ಲರೂ ಹೊರಗೆ ನಡೀರಿ ಎಂದು ಡಾಕ್ಟರಮ್ಮ ಹೇಳಿದರು; ಸಿರಿಂಜಿನ ತಟ್ಟೆ ಎತ್ತಿಕೊಂಡು ಓಡಿದೆ. ಎರಡು ನಿಮಿಷಕ್ಕೆ ಹಿರಿಸೊಸೆ ಎದ್ದು ನಿಂತು, ಮೈ ಕೊಡವಿ, ನಮಗೆ ಬೆನ್ನು ತಿರುಗಿಸಿದಳು. ಮರಿಯನ್ನು ಬಿಟ್ಟದ್ದೇ ತಡ, ಅದು ಹೊಟ್ಟೆಯಡಿಗೆ ನುಗ್ಗಿ ಹಾಲು ಕುಡಿಯಿತು. ಬೀಗದಣ್ಣ ಕಣ್ಣೊರೆಸಿಕೊಂಡು, ಧೂಳು ಅಂದ. ಡಾಕ್ಟರಮ್ಮ ಬೂಟು ತೊಳೆದುಕೊಂಡು ಕಚೇರಿಯ ಮಹಡಿಗೆ ಹೊರಟರು. ಅಲ್ಲಿ ಮೇಲಿನವರ ಸಭೆ ಇತ್ತು.

ತಟ್ಟೆ ತೊಳೆಯಲು ಕೂತಾಗ ಮದ್ದಿನ ಕೋಣೆಯ ಗಡಿಯಾರದಲ್ಲಿ ಹನ್ನೆರಡು ಐವತ್ತು. ಹತ್ತಿಯ ಅಡಿಯಲ್ಲಿ ಮೂರು ಸಿರಿಂಜ್. ಕೆಂಪು ಪಟ್ಟಿಯದು ತುಂಬಿತ್ತು, ಅದು ತುಂಬಿರಬೇಕಾದದ್ದೇ. ಬಿಳಿ ಪಟ್ಟಿಯದು ಒಂದು ಖಾಲಿ. ಬಿಳಿ ಪಟ್ಟಿಯ ಇನ್ನೊಂದು ತುಂಬಿತ್ತು. ಮೇಲೆ ಮಾವನ ಅಕ್ಷರದಲ್ಲಿ 'ಸ್ನಾಯು' ಎಂದಿತ್ತು.

ಹಾಳೆ ತೆಗೆದು ನೋಡಿದೆ. ಹತ್ತು ನಲವತ್ತೊಂದು, ನನ್ನದೇ ಅಕ್ಷರ, ನನ್ನದೇ ಸುಳ್ಳು.

ಮಾವ ಹಿಂದಿನ ಜಗಲಿಯಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಸಿರಿಂಜನ್ನು ತೋರಿಸಿದೆ. ತುತ್ತು ಅವನ ಬಾಯಲ್ಲೇ ನಿಂತಿತು. ಡಾಕ್ಟರಮ್ಮ ಜಾಸ್ತಿ ತುಂಬಿಸಿಟ್ಟಿರಬಹುದು ಎಂದ. ಇದು ನಿನ್ನ ಅಕ್ಷರ ಎಂದೆ. ಅವನು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ಎದ್ದು ಓಡಾಡ್ತಿದಾಳೆ, ಮರಿಗೆ ಹಾಲು ಕೊಟ್ಟಿದಾಳೆ. ಇನ್ನೇನು ಆಗುತ್ತೆ ಪುಟ್ಟಿ. ಸುಮ್ನೆ ಹುತ್ತಕ್ಕೆ ಕೈ ಹಾಕ್ಬೇಡ."

ಅದಕ್ಕೂ ಆಯ್ತು ಅಂದೆ.

ಆದರೂ ಸಿರಿಂಜನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ನೋಡಿದೆ. ಹಿರಿಸೊಸೆ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದಳು. ತಲೆ ಸ್ವಲ್ಪ ಜೋತಿತ್ತು. ಬೆಳಗಿನ ಆಯಾಸ ತಂಗಿ, ನಿದ್ದೆಗಣ್ಣು ಎಂದು ಬೀಗದಣ್ಣ ಹೇಳಿದ. ಅವನಿಗೆ ನಾನು ಏನೂ ಹೇಳಲಿಲ್ಲ. ಅಲ್ಲಿಂದ ಕಚೇರಿಯ ಮಹಡಿ ಹತ್ತಿದೆ. ಸಭೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಗಂಡಸರ ದೊಡ್ಡ ದನಿ, ನಗು, ಕುರ್ಚಿ ಎಳೆದ ಸದ್ದು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು. ಕೆಳಗಿಳಿದೆ. ಮತ್ತೆ ಹತ್ತಿದೆ. ಒಳಗೆ ಹೋದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಪ್ರತಿ ವಾಕ್ಯದ ಕೊನೆಯಲ್ಲೂ ಮಾವನ ಕೆಲಸ ಹೋಗುತ್ತಿತ್ತು. ಸಭೆ ಇನ್ನೇನು ಮುಗಿಯುತ್ತದೆ, ಡಾಕ್ಟರಮ್ಮ ಒಬ್ಬರೇ ಬರುತ್ತಾರೆ, ಮೆಲ್ಲಗೆ ಹೇಳಿದರಾಯಿತು ಎಂದು ಗೋಡೆಗೆ ಆತು ನಿಂತೆ. ನಿಂತೇ ಇದ್ದೆ.

ಒಂದೂವರೆಯ ಹೊತ್ತಿಗೆ ಮೊದಲು ಕೇಳಿಸಿದ್ದು ಬೀಗದ ಕೈಗಳ ಸದ್ದು. ಬೀಗದಣ್ಣ ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತ ನಿಂತಿದ್ದ.

"ತಂಗಿ, ಹಿರಿಸೊಸೆ ಬಿದ್ದುಬಿಟ್ಟಿದಾಳೆ. ಮರಿ ಗುದ್ದಿದ್ರೂ ಏಳ್ತಿಲ್ಲ."

ಬಾಗಿಲು ಹೇಗೆ ತೆಗೆದೆನೋ ಗೊತ್ತಿಲ್ಲ. ಹತ್ತು ಹನ್ನೆರಡು ಮುಖಗಳು ನನ್ನ ಕಡೆ ತಿರುಗಿದವು. ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಕರವಸ್ತ್ರ ಬಿಚ್ಚಿ ಸಿರಿಂಜ್ ಎತ್ತಿ ಹಿಡಿದೆ.

"ಮೇಡಂ, ನಾನು ಆಯ್ತು ಅಂದೆ. ಆಗಿರಲಿಲ್ಲ."

ಡಾಕ್ಟರಮ್ಮ ಒಂದು ಗಳಿಗೆ ನನ್ನನ್ನು ನೋಡಿದರು, ಇನ್ನೊಂದು ಗಳಿಗೆ ಬಿಳಿ ಪಟ್ಟಿಯನ್ನು. ಕುರ್ಚಿ ಹಿಂದಕ್ಕೆ ಬಿತ್ತು. ಐವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ.

ಹಿರಿಸೊಸೆ ತೊಟ್ಟಿಗೂ ಗೋಡೆಗೂ ನಡುವೆ ಬಿದ್ದಿದ್ದಳು. ಕತ್ತು ಮಡಚಿ ಮೈಯಡಿಗೆ ಸಿಕ್ಕಿತ್ತು, ಮೂಗು ಗೋಡೆಗೆ ಒತ್ತಿಕೊಂಡಿತ್ತು. ಮಾವ ಎಲ್ಲಿಂದಲೋ ಓಡಿಬಂದಿದ್ದ. ಅವನೂ ಬೀಗದಣ್ಣನೂ ಸೇರಿ ಕತ್ತನ್ನು ಎಳೆದು ನೇರ ಮಾಡಿದರು. ನಾಲಿಗೆ ನೀಲಿಗಟ್ಟಿತ್ತು. ಡಾಕ್ಟರಮ್ಮ ನನ್ನ ಕೈಯಿಂದ ಸಿರಿಂಜ್ ಕಿತ್ತುಕೊಂಡು, ಅಷ್ಟನ್ನೂ ನಾಳಕ್ಕೆ ಕೊಟ್ಟರು.

"ಉಸಿರು ಎಣಿಸು. ಜೋರಾಗಿ," ಅಂದರು.

ಪಕ್ಕೆಯ ಪಟ್ಟೆಗಳ ಮೇಲೆ ಕಣ್ಣಿಟ್ಟು ಕೂತೆ. ಕಪ್ಪು, ಬಿಳಿ, ಕಪ್ಪು. ಅಲುಗಿತು. ಒಂದು, ಅಂದೆ. ಬೀಗದಣ್ಣ ಅವಳ ಕಿವಿಯ ಹತ್ತಿರ ಬಗ್ಗಿ, ಏಳು ತಾಯಿ, ಇನ್ನು ಮೇಲೆ ನಿನ್ನ ಆಡಿಕೊಳ್ಳಲ್ಲ ಎಂದು ಗೋಗರೆಯುತ್ತಿದ್ದ. ಬಹಳ ಹೊತ್ತಾದ ಮೇಲೆ ಪಟ್ಟೆಗಳು ಮತ್ತೆ ಸ್ವಲ್ಪ ಅಗಲವಾದವು. ಎರಡು, ಅಂದೆ. ಅಷ್ಟು ಗಟ್ಟಿಯಾಗಿ ನಾನು ಹುಟ್ಟಿದಮೇಲೆ ಮಾತಾಡಿರಲಿಲ್ಲ. ಮದ್ದು ಏರಲು ಒಂದು ನಿಮಿಷ ಬೇಕು, ಒಂದೇ ನಿಮಿಷ ತಡಿ ಎಂದು ಡಾಕ್ಟರಮ್ಮ ಅವಳಿಗೇ ಹೇಳುವಂತೆ ಹೇಳಿದರು. ನಾನು ಮೂರು ಎನ್ನಲು ಬಾಯಿ ತೆರೆದು ಕಾದೆ. ಡಾಕ್ಟರಮ್ಮ ಎದೆಯ ಮೇಲೆ ಮಂಡಿಯೂರಿ ಒತ್ತತೊಡಗಿದರು. ಮಾವ ಮೂಗಿನ ಹೊಳ್ಳೆಗೆ ಬಾಯಿಟ್ಟು ಊದಿದ. ಬಾಯಿ ತೆರೆದೇ ಇದ್ದೆ. ನಾಲಿಗೆ ಒಣಗಿತು. ಮೂರು ಬರಲಿಲ್ಲ.

ಒಂದು ಐವತ್ತೆರಡಕ್ಕೆ ಡಾಕ್ಟರಮ್ಮ ಕೈ ತೆಗೆದು, ಗೋಡೆಗೆ ಬೆನ್ನು ಕೊಟ್ಟು ಮಣ್ಣಿನಲ್ಲೇ ಕೂತರು. ಮರಿ ಬಂದು ತಾಯಿಯ ಹೊಟ್ಟೆಯನ್ನು ಮೂತಿಯಿಂದ ಎತ್ತಿ ಎತ್ತಿ ಕೆಚ್ಚಲು ಹುಡುಕುತ್ತಿತ್ತು.

"ಆ ಸಿರಿಂಜ್ ನಿನಗೆ ಕಂಡಿದ್ದು ಎಷ್ಟು ಹೊತ್ತಿಗೆ?" ಎಂದು ಡಾಕ್ಟರಮ್ಮ ಕೇಳಿದರು.

ಅವರ ಹಿಂದೆ ನಿಂತಿದ್ದ ಮಾವ ನನ್ನತ್ತ ನೋಡಿದ. ಈಗತಾನೆ ಎಂದುಬಿಡು ಎಂದು ಅವನ ಕಣ್ಣು ಬೇಡಿಕೊಳ್ಳುತ್ತಿತ್ತು. ಅವನ ತುಟಿಯ ಮೇಲೆ ಜೀಬ್ರಾದ ನೊರೆ ಇನ್ನೂ ಅಂಟಿತ್ತು.

"ಹನ್ನೆರಡು ಐವತ್ತಕ್ಕೆ," ಅಂದೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಕೈಗವಸು ಬಿಚ್ಚುತ್ತ, ಒಂದೊಂದೇ ಮಾತು ತೂಗಿದಂತೆ ಹೇಳಿದರು: "ತಿರುಗಿ ನೋಡದೆ ನಿನ್ನ ಮಾತು ನಂಬಿದ್ದು ನನ್ನ ತಪ್ಪು. ಆ ನಲವತ್ತು ನಿಮಿಷ ನಿನ್ನದು. ಎರಡನ್ನೂ ಬರಿ."

ಮರಿಯ ಕೊರಳಿಗೆ ಕೈ ಸುತ್ತಿ ಅದನ್ನು ಹಿಂದಕ್ಕೆಳೆಯುತ್ತಿದ್ದ ಬೀಗದಣ್ಣ ನನ್ನ ಕಡೆ ಒಮ್ಮೆ ತಲೆಯೆತ್ತಿ ನೋಡಿದ. ನಾನು ಅವನೆದುರೇ ನಿಂತು, ಕರವಸ್ತ್ರದೊಳಗೆ ಆ ಸಿರಿಂಜ್ ಇಟ್ಟುಕೊಂಡೇ ಹೋಗಿದ್ದೆನೆಂದು ಅವನಿಗೆ ಆಗ ಹೊಳೆದಿರಬೇಕು. ಆಮೇಲೆ ಅವನು ನೋಡಲಿಲ್ಲ.

ಮದ್ದಿನ ಕೋಣೆಗೆ ಬಂದು ಹಾಳೆ ಬಿಡಿಸಿದೆ. ಡಾಕ್ಟರಮ್ಮನ ತಪ್ಪನ್ನು ಅವರು ಹೇಳಿದಂತೆಯೇ ಬರೆದೆ. ಅದರ ಕೆಳಗೆ ಹನ್ನೆರಡು ಐವತ್ತರಿಂದ ಒಂದೂವರೆಯವರೆಗೆ ಎಂದು ಬರೆದು ಗೆರೆ ಎಳೆದೆ. ಕೊನೆಯ ಕಲಮಿನಲ್ಲಿ ವಿಳಂಬಕ್ಕೆ ಕಾರಣ ಎಂದು ಅಚ್ಚಾಗಿತ್ತು. ಹೊರಗೆ ಮರಿ ಕೂಗುತ್ತಿತ್ತು.

ಬಾಗಿಲ ಹೊರಗೆ ನಿಂತಿದ್ದೆ, ಎಂದು ಬರೆದೆ.