ಕೆಳಸಾಲಿನ ಅಂಕಗಳು

ಸಂಶೋಧನಾ ಕೇಂದ್ರದ ಪ್ರಾಣಿಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೊಲಗಳನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಮೊಲದಮ್ಮ ಅನ್ನುತ್ತಿದ್ದರು. "ಸದ್ಯ, ಪಕ್ಕದ ಕೋಣೆಗೆ ಹಾಕಿದ್ರೆ ಇಲಿಯಮ್ಮ ಆಗ್ತಿದ್ದೆ" ಅಂತ ಅವಳೇ ನಗಾಡುತ್ತಿದ್ದಳು.

ದಿನಾ ಬೆಳಿಗ್ಗೆ ಎಂಟಕ್ಕೆ ನಲವತ್ತು ಗೂಡುಗಳ ಮುಂದೆ ನಿಂತು ಒಂದೊಂದು ಮೊಲಕ್ಕೂ ನೋವಿನ ಅಂಕ ಹಾಕುವುದು ಅವಳ ಕೆಲಸ. ಮೇವು ತಿಂದಿದೆಯಾ, ಕಾಲು ಊರುತ್ತಿದೆಯಾ, ಕಣ್ಣು ಕಿರಿದು ಮಾಡಿ ಕಿವಿ ಹಿಂದಕ್ಕೆ ಒತ್ತಿಕೊಂಡಿದೆಯಾ ಅಂತ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಒಂದು ಅಂಕ. ಶಾಲೆಯ ಅಂಕದ ಹಾಗಲ್ಲ ಇದು, ಹೆಚ್ಚಾದಷ್ಟೂ ಕೆಟ್ಟದ್ದು. ಮೂರು ಮುಟ್ಟಿತೆಂದರೆ ಪಶುವೈದ್ಯೆಗೆ ಫೋನು ಮಾಡಬೇಕು, ಆ ದಿನವೇ ಸೂಜಿ ಚುಚ್ಚಿ ಶಾಶ್ವತವಾಗಿ ಮಲಗಿಸಿಬಿಡಬೇಕು. ಅದಕ್ಕಿಂತ ಹೆಚ್ಚಿನ ನೋವು ಯಾವ ಪ್ರಾಣಿಗೂ ಕೊಡಕೂಡದು ಅಂತ ಮೇಲ್ವಿಚಾರಣಾ ಸಮಿತಿಯ ನಿಯಮ. ನಿಯಮ ಒಳ್ಳೆಯದೇ, ಬೇಡ ಅಂದವರು ಯಾರು? ಆದರೆ ಮೊಲವನ್ನು ಆ ಸೂಜಿಯವರೆಗೆ ಎತ್ತಿಕೊಂಡು ಹೋಗುವ ಕೈ ಸಮಿತಿಯದಲ್ಲ, ಮೊಲದಮ್ಮನದು.

ಈ ಸಲದ ಪ್ರಯೋಗ ಕೀಲುನೋವಿನ ಮದ್ದಿನದು. ಮೊಲಗಳ ಮಂಡಿಗೆ ಬಾವು ಬರಿಸಿ, ಮೇಲುಸಾಲಿನಲ್ಲಿ ಇಪ್ಪತ್ತು, ಕೆಳಸಾಲಿನಲ್ಲಿ ಇಪ್ಪತ್ತು ಇಟ್ಟಿದ್ದರು. ಒಂದು ಸಾಲಿಗೆ ಮದ್ದು, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಅಂತ ಅಂಕ ಹಾಕುವವಳಿಗೆ ಹೇಳುವಂತಿಲ್ಲ. ಅವಳ ಸ್ಟೂಲು ಕೆಳಸಾಲಿನ ಎದುರಿಗಿತ್ತು. ಸೊಂಟ ಹಿಡಿದಾಗಲೆಲ್ಲ ಅಲ್ಲೇ ಕೂರುವುದು, ಕೂತಲ್ಲೇ ಹರಟೆ. "ಏನೋ ಗುಂಡ, ಹೊಟ್ಟೆ ತುಂಬ್ತಾ?" ಗುಂಡ ಅಂದರೆ ಆ ಸಾಲಿನ ಹದಿನೇಳನೆಯ ಗೂಡಿನವನು. ಹೀಗೆ ಮಾತಾಡುತ್ತ ಮಾತಾಡುತ್ತ ಹಚ್ಚಿಕೊಂಡುಬಿಟ್ಟಳು.

ಮೂರನೆಯ ವಾರ ಗುಂಡ ಮೇವು ಮುಟ್ಟಲಿಲ್ಲ, ಕಿವಿ ಬೆನ್ನಿಗೆ ಅಂಟಿತ್ತು. ಮೂರು ಅಂತ ಬರೆಯಬೇಕಾದಲ್ಲಿ ಮೊಲದಮ್ಮ ಎರಡು ಅಂತ ಬರೆದಳು. ನಾಳೆ ಚೇತರಿಸಿಕೊಂಡಾನು ಅಂತ ಆಸೆ. ಮರುದಿನವೂ ಅದೇ ಆಸೆ, ಅದೇ ಎರಡು. ಇವನಿಗೊಂದು, ಪಕ್ಕದವನಿಗೊಂದು ಅಂತ ಭೇದ ಮಾಡುವುದು ಹೇಗೆ? ಒಂದೊಂದಾಗಿ ಕೆಳಸಾಲಿನ ಹನ್ನೊಂದು ಮೊಲಗಳಿಗೆ ಹೀಗೇ ಮಾಡಿದಳು. ಪಶುವೈದ್ಯೆಯೂ ಹಾಳೆಯ ಮೇಲೆ ಕಣ್ಣಾಡಿಸಿ, ಮೊಲದಮ್ಮನೇ ಬರೆದಿದ್ದಾಳಲ್ಲ ಅಂತ ಸಹಿ ಹಾಕಿದಳು. ನಾಲ್ಕೈದು ದಿನ ಆಯಸ್ಸು ಕೊಟ್ಟೆ ಅಂದುಕೊಂಡಳು ಮೊಲದಮ್ಮ. ಕೊಟ್ಟದ್ದು ಆಯಸ್ಸೋ ನರಳಾಟವೋ ಅಂತ ಕೇಳಿಕೊಳ್ಳುವಷ್ಟು ಬುದ್ಧಿ ಆಗ ಎಲ್ಲಿ ಹೋಗಿತ್ತೋ.

ಪ್ರಯೋಗ ಮುಗಿದು ಫಲಿತಾಂಶ ಬಂದ ದಿನ ಅದನ್ನು ನಡೆಸಿದ ವಿಜ್ಞಾನಿ ತಾನೇ ಪ್ರಾಣಿಮನೆಗೆ ಓಡಿಬಂದ.

"ಮೊಲದಮ್ಮ, ಮದ್ದು ಕೆಲಸ ಮಾಡ್ತು! ಮದ್ದು ಕೊಟ್ಟ ಸಾಲು ಎಷ್ಟು ಚೆನ್ನಾಗಿ ತಡ್ಕೊಂಡಿದೆ ಗೊತ್ತಾ? ಸಮಿತಿ ಒಪ್ಪಿದ್ರೆ ಮುಂದೆ ಮನುಷ್ಯರಿಗೇ ಕೊಟ್ಟು ನೋಡೋದು."

"ಯಾವ ಸಾಲಿಗೆ ಕೊಟ್ಟಿದ್ರಿ ಸರ್?"

"ಕೆಳಸಾಲಿಗೆ."

ತಡೆದುಕೊಂಡದ್ದು ಮದ್ದಿನಿಂದಲೋ, ತಾನು ಬರೆದ ಸುಳ್ಳು ಎರಡುಗಳಿಂದಲೋ?

ಮನೆಯಲ್ಲಿ ಗಂಡ. ಜೀವಮಾನವೆಲ್ಲ ಬಟ್ಟೆ ಹೊಲಿದ ದರ್ಜಿ. ಈಗ ಬೆರಳ ಗೆಣ್ಣುಗಳು ಊದಿಕೊಂಡು, ಅಂಗಿಯ ಗುಂಡಿ ಹಾಕುವುದಕ್ಕೂ ಹೆಂಡತಿಯೇ ಬೇಕು. "ದರ್ಜಿಗೇ ಗುಂಡಿ ಹಾಕೋಕೆ ಬರಲ್ಲ ಅಂದ್ರೆ ಜನ ನಗ್ತಾರೆ, ಮೊದಲು ಬಾಗಿಲು ಮುಚ್ಚೇ" ಅಂದ ಮರುದಿನ ಬೆಳಿಗ್ಗೆ. ಅವಳು ನಗಲಿಲ್ಲ. ಗುಂಡಿ ಹಾಕುತ್ತ ಹಾಕುತ್ತ ಎಲ್ಲ ಹೇಳಿಬಿಟ್ಟಳು.

"ಅಂದ್ರೆ ಆ ಮದ್ದು ನನ್ನಂಥೋರಿಗೆ ಕೊಟ್ರೆ?"

"ಒಳ್ಳೇದಾಗುತ್ತೋ ಕೆಟ್ಟದ್ದಾಗುತ್ತೋ, ಯಾರಿಗೆ ಗೊತ್ತು?"

"ಮತ್ತೆ ಹೇಳಿಬಿಡು."

"ಹೇಳಿದ್ರೆ ಮೊದಲಿಂದ ಮಾಡ್ತಾರೆ ರೀ. ಇನ್ನೂ ನಲವತ್ತು ಮೊಲ. ನನ್ನ ಬಾಯಿಂದಾನೇ."

ದರ್ಜಿ ತನ್ನ ಬೆರಳುಗಳನ್ನು ನೋಡಿಕೊಂಡ.

ಸಮಿತಿ ಸೇರಿದ ದಿನ ಮೊಲದಮ್ಮ ಯಾರೂ ಕರೆಯದೆಯೇ ಒಳಗೆ ಹೋದಳು. ಉದ್ದ ಮೇಜಿನ ತುದಿಯಲ್ಲಿ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಒಂದು ಪಕ್ಕ ವಿಜ್ಞಾನಿ, ಇನ್ನೊಂದು ಪಕ್ಕ ಪಶುವೈದ್ಯೆ.

"ನಾನು ಬರೆದ ಅಂಕ ಸುಳ್ಳು ಮೇಡಂ. ಹದಿನೇಳನೇ ಮೊಲ ಮೂರು ಮುಟ್ಟಿತ್ತು. ನಾನು ಎರಡು ಅಂತಾನೇ ಬರ್ದೆ. ಸೂಜಿಗೆ ಕಳಿಸೋಕೆ ಮನಸ್ಸು ಬರ್ಲಿಲ್ಲ."

"ಎಷ್ಟು ದಿನ ಹಾಗಿತ್ತು ಅದು?" ಪಶುವೈದ್ಯೆ ಕೇಳಿದಳು.

"ಐದು ದಿನ."

ಹೇಳಿದ ಮೇಲೆಯೇ ಆ ಐದು ದಿನ ಅವಳ ಕಣ್ಣಿಗೆ ಕಟ್ಟಿದ್ದು. ಗುಂಡ ಗೂಡಿನ ಮೂಲೆಗೆ ಮುಖ ಒತ್ತಿಕೊಂಡು ಅಲ್ಲಾಡದೆ ಕೂತಿದ್ದ. ತನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡು ಅವಳು ಹರಟುತ್ತಲೇ ಇದ್ದಳು. ನಾಚಿಕೆಯಿಂದ ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

ವಿಜ್ಞಾನಿಯ ಮುಖ ಬಿಳಿಚಿಕೊಂಡಿತ್ತು. ಹಾಳೆ ತಿರುವಿ ಹಾಕಿ, ಉಸಿರು ಬಿಟ್ಟ. "ಒಂದನ್ನ ಬಿಟ್ಟು ಲೆಕ್ಕ ಹಾಕಿದ್ರೂ ಫಲಿತಾಂಶ ನಿಲ್ಲುತ್ತೆ. ಮತ್ತೆ ನಲವತ್ತು ಪ್ರಾಣಿ ತರಿಸೋದು ಬೇಕಿಲ್ಲ."

"ಅಷ್ಟಾದ್ರೂ ಉಳೀತಲ್ಲ" ಅಂದರು ಅಧ್ಯಕ್ಷೆ. ಪಾಪ, ಅವರ ದನಿಯಲ್ಲಿ ನಿಜವಾದ ಸಮಾಧಾನವಿತ್ತು. "ಅದೊಂದೇ ತಾನೇ, ಮೊಲದಮ್ಮ?"

ಮೇಜಿನ ಸುತ್ತ ಇದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಯಾರೂ ಕೆಟ್ಟವರಲ್ಲ, ಯಾರಿಗೂ ಇನ್ನೊಂದು ಮೊಲದ ಮಂಡಿ ಊದಿಸುವ ಆಸೆಯಿಲ್ಲ. ಹೂಂ ಅಂದರೆ ಸಾಕು, ನಲವತ್ತು ಜೀವ ಉಳಿಯುತ್ತವೆ, ತನ್ನ ಕೆಲಸವೂ ಉಳಿಯುತ್ತದೆ. ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು! ಎಷ್ಟು ಸುಲಭವೆಂದರೆ ಅವಳಿಗೆ ಭಯವಾಯಿತು. ಅಂದು ಎರಡು ಅಂತ ಬರೆದಾಗಲೂ ಒಂದು ಜೀವ ಉಳಿಸುತ್ತಿದ್ದೇನೆ ಅಂತಲೇ ಅನಿಸಿತ್ತು.

"ಹನ್ನೊಂದು" ಅಂದಳು. "ಎಲ್ಲಾ ಕೆಳಸಾಲಿನವೇ."

ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ತೀರ್ಮಾನ ಬರೆಸಿದರು. ಹಳೆಯ ಫಲಿತಾಂಶ ರದ್ದು, ಪ್ರಯೋಗ ಮೊದಲಿನಿಂದ, ಅಂಕ ಹಾಕಲು ಇಬ್ಬರು ಹೊಸಬರು. ಮೊಲದಮ್ಮ ಇನ್ನು ಮೇಲೆ ಮೇವು ಹಾಕಿ ಗೂಡು ತೊಳೆದರೆ ಸಾಕು.

ಎರಡು ವಾರದ ಮೇಲೆ ಹೊಸ ನಲವತ್ತು ಮೊಲ ಹೊತ್ತು ವ್ಯಾನು ಬಂತು. ಅವಳೇ ಒಂದೊಂದನ್ನೂ ಎದೆಗವಚಿಕೊಂಡು ತಂದು ಗೂಡಿಗೆ ಬಿಟ್ಟಳು. ಎಲ್ಲಾ ಚುರುಕಾಗಿದ್ದವು, ಬಿಟ್ಟ ಕೂಡಲೇ ಮೇವಿಗೆ ಬಾಯಿ ಹಾಕಿದವು. ಕೊನೆಯದು ಮಾತ್ರ ತಿನ್ನದೆ ಅವಳ ಬೆರಳು ಮೂಸುತ್ತ ನಿಂತಿತು.

"ನಿಮ್ಮನ್ನ ಕರೆಸಿದ್ದು ನಾನೇ ಕಂದ" ಅಂದಳು ಅದಕ್ಕೆ.