ಹುಲ್ಲು ಬಿಟ್ಟು ಕದಲದವನು

"ತಿರುಗ್ಸಿ! ಇನ್ನೂ ಜೋರಾಗಿ! ಮನೆ ಯಾವ ದಿಕ್ಕಲ್ಲಿತ್ತು ಅನ್ನೋದೇ ಮುದುಕನಿಗೆ ಮರೆತುಹೋಗ್ಬೇಕು!"

ನಾಲ್ಕು ದಾರಿ ಕೂಡುವಲ್ಲಿ ಕೇರಿಯ ಗಂಡಸರು ಕೆತುತ್ ಸಾದ್ರನ ಚಟ್ಟದ ಗೋಪುರವನ್ನು ಹೆಗಲ ಮೇಲೆ ಹೊತ್ತು ಗಿರಗಿರನೆ ತಿರುಗಿಸುತ್ತಿದ್ದರು. ಬಾಲಿ ದ್ವೀಪ ಕಡಲಿನಿಂದ ತಲೆಯೆತ್ತಿದಂದಿನಿಂದ ಅಂಥ ಗಿರಕಿಯನ್ನು ಕಂಡಿರಲಿಲ್ಲ. ಗೋಪುರದ ಕಾಗದದ ಹೂಗಳು ಉದುರಿ ಪಕ್ಕದೂರಿನ ಗದ್ದೆಗೆ ಬಿದ್ದವು. ತೆಂಗಿನ ಮರಗಳು ತಲೆಸುತ್ತು ಬಂದು ಒಂದನ್ನೊಂದು ಹಿಡಿದುಕೊಂಡವು. ಹೊತ್ತವರಲ್ಲೇ ಇಬ್ಬರು ದಿಕ್ಕು ತಪ್ಪಿ, ಆ ರಾತ್ರಿ ಪರರ ಮನೆಯಲ್ಲಿ ಉಂಡು ಮಲಗಿದರು. ಹೊತ್ತವರ ಪಾಡೇ ಹೀಗಾದರೆ ಸತ್ತವನಿಗೆ ದಾರಿ ಎಲ್ಲಿ ನೆನಪಿರಬೇಕು? ನೆನಪಿರಲೂಬಾರದು. ಮನೆಗೆ ಮರಳಿದನೋ, ತ್ರಿಶಂಕುವೇ ಗತಿ. ಬೂದಿ ಕಡಲು ಸೇರುತ್ತದೆ, ಅವನು ಸೇರಲಾರ.

ಸಾದ್ರನ ಹೆಂಡತಿ ತಂಬುನ್ ಗೋಪುರವನ್ನು ನೋಡುತ್ತಿರಲಿಲ್ಲ. ಊರಿಗೆಲ್ಲ ಅವಳು ದಾದೊಂಗ್, ಎಂದರೆ ಅಜ್ಜಿ. ಅವಳ ಕಣ್ಣು ರಸ್ತೆ ಬದಿಯಲ್ಲಿದ್ದ ತನ್ನ ಮನೆಯ ನಾಯಿಗಳ ಮೇಲಿತ್ತು. ಇಡೀ ಊರು ಗೋಪುರದ ಜೊತೆ ಕತ್ತು ತಿರುಗಿಸುತ್ತಿದ್ದರೆ ಆ ಐದು ನಾಯಿಗಳು ಮಾತ್ರ ಗೋಪುರದಿಂದ ಮಾರು ದೂರದ ಖಾಲಿ ಜಾಗವನ್ನು ದಿಟ್ಟಿಸುತ್ತಿದ್ದವು. ಆಮೇಲೆ ಎದ್ದವು. ಎರಡು ಮುಂದೆ, ಮೂರು ಹಿಂದೆ, ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಬಿಟ್ಟುಕೊಂಡು ಮನೆಯ ಕಡೆ ಹೊರಟವು.

"ಅಯ್ಯೋ ದಾದೊಂಗ್, ಇವುಗಳ್ನ ಕಟ್ಟಿಹಾಕ್ಬಾರ್ದಿತ್ತಾ?" ಎಂದಳು ನೆರೆಮನೆಯ ಲಾಸ್ತ್ರಿಯ ತಾಯಿ.

"ಈ ಊರಲ್ಲಿ ನಾಯಿ ಕಟ್ಟೋರು ಯಾರಿದ್ದಾರೆ? ನೀನು ನಿನ್ನ ಗಂಡನ್ನೇ ಕಟ್ಟಿಹಾಕಿಲ್ಲ."

"ಅವನನ್ನ ಹಿಡಿಯೋಕಾದ್ರೆ ತಾನೇ! ಅಲ್ಲ, ನೋಡಿ ಅವುಗಳ ನಡಿಗೇನ. ಯಾವತ್ತೂ ಬಾಣದ ಹಾಗೆ ಓಡೋವು, ಇವತ್ತು ಎರಡು ಹೆಜ್ಜೆ ಇಡ್ತಾವೆ, ನಿಲ್ತಾವೆ. ಕಾಲಿಗೇನಾದ್ರೂ ಮುಳ್ಳು..."

ತಂಬುನ್‌ಳ ಕಣ್ಣಿಗೆ ಅದರ ಗುರುತು ಹತ್ತಿತು. ಅದು ಸಾದ್ರನ ಮಂಡಿನೋವಿನ ನಡಿಗೆ. ಸಂಜೆ ಗದ್ದೆಯಿಂದ ಅವನನ್ನು ಮನೆಗೆ ಕರೆತರುತ್ತಿದ್ದುದು ಇದೇ ನಾಯಿಗಳು, ಇದೇ ನಡಿಗೆಯಲ್ಲಿ. ಊರೆಲ್ಲ ಸೇರಿ ಸತ್ತವನ ತಲೆ ತಿರುಗಿಸಿತ್ತು. ನಾಯಿಗಳ ಮೂಗನ್ನು ತಿರುಗಿಸಲು ಯಾರಿಗೂ ಹೊಳೆದಿರಲಿಲ್ಲ.

ಸ್ಮಶಾನದಲ್ಲಿ ಬೆಂಕಿ ಹತ್ತಿಕೊಂಡಿತು. ಜನ ನೆರಳು ಹುಡುಕಿ ಕೂತು ಕಾಫಿ ಕುಡಿಯತೊಡಗಿದರು. ತಂಬುನ್ ಸೀರೆಯಂತೆ ಸುತ್ತಿದ್ದ ಬಟ್ಟೆಯ ನೆರಿಗೆ ಎತ್ತಿಕಟ್ಟಿದಳು.

"ಮೆಮೆ, ಎಲ್ಲಿಗೆ ಹೊರಟೆ?" ಮಗ ಸುದಾನ ತಾಯಿಯನ್ನು ತಡೆದ. "ಬೂದಿ ಆರಿಸಬೇಕು, ಕಡಲಿಗೆ ಹೋಗಬೇಕು."

"ಅಷ್ಟರಲ್ಲಿ ಬರ್ತೀನಿ. ನಿಮ್ಮಪ್ಪ ಒಂದನ್ನ ಮನೇಲಿ ಬಿಟ್ಟು ಬಂದಿದ್ದಾನೆ."

"ಏನನ್ನ?"

"ತನ್ನನ್ನೇ."

* * *

ಸಾದ್ರನ ಅಂಗಳದ ಹುಲ್ಲನ್ನು ಹೊಗಳಲು ಸಾವಿರ ನಾಲಿಗೆಯ ಆದಿಶೇಷನೂ ಸಾಲ ಕೇಳಬೇಕು. ಆ ಹಸಿರನ್ನು ನೋಡಿ ದೇವಲೋಕದ ಹಸುಗಳು ಮೋಡದ ಅಂಚಿಗೆ ಬಂದು ಜೊಲ್ಲು ಸುರಿಸುತ್ತಿದ್ದವು. ಊರವರು ಅದನ್ನು ಇಬ್ಬನಿ ಎಂದುಕೊಂಡಿದ್ದರು.

ಆದರೆ ಮೊದಮೊದಲು ಗೆದ್ದದ್ದು ನಾಯಿಗಳೇ. ಅವು ಕಾಲೆತ್ತಿದಲ್ಲೆಲ್ಲ ಹುಲ್ಲು ಸುಟ್ಟು ಹಳದಿ ಮಚ್ಚೆಯಾಗುತ್ತಿತ್ತು. ಅಗೆದ ಗುಂಡಿಯಲ್ಲಿ ಎಮ್ಮೆ ಮುಳುಗಬಹುದಿತ್ತು. ಸಾದ್ರ ಆ ಜಾಗಕ್ಕೆ ಹುಯ್ಯಲು ಕರಟದಲ್ಲಿ ನೀರು ಹಿಡಿದು ನಾಯಿಗಳ ಹಿಂದೆ ಓಡಿ ಓಡಿ, ಕೊನೆಗೊಂದು ದಿನ ಓಡುವುದನ್ನು ಬಿಟ್ಟು ಸುಮ್ಮನೆ ಕೂತು ನೋಡಿದ. ಗೋಡೆಯ ಪಕ್ಕ ಗಸ್ತು ತಿರುಗುವುದು ಅವುಗಳ ಧರ್ಮ. ಆ ಪಟ್ಟಿಯನ್ನು ಅವುಗಳಿಗೇ ಬಿಟ್ಟು ಮರಳು ಹಾಸಿದ. ಅಗೆಯುವ ಚಪಲಕ್ಕೆ ದೇವಕಣಗಿಲೆಯ ಕೆಳಗೆ ಮರಳಗುಂಡಿ ಮಾಡಿಕೊಟ್ಟ. ನಡುವಿನ ಹುಲ್ಲು ಮಾತ್ರ ತನ್ನದು. ಅದರ ಮೇಲೆ ಒಂದು ಪಾದ ಬಿದ್ದರೂ "ಹುಶ್!" ಆ ಕೂಗಿಗೆ ಮೀನುಗಾರರ ದೋಣಿಗಳು ಬಿರುಗಾಳಿ ಬಂತೆಂದು ದಡಕ್ಕೆ ಮರಳುತ್ತಿದ್ದವು.

"ನಾನು ಕಾಲಿಟ್ರೂ ಹುಶ್ ಅಂತೀರಲ್ಲ ಬ್ಲಿ, ನಾನೇನು ನಾಯಿಯಾ?" ಎಂದು ಒಮ್ಮೆ ತಂಬುನ್ ಸಿಡುಕಿದ್ದಳು. ಬ್ಲಿ ಎಂದರೆ ಅಲ್ಲಿ ಅಣ್ಣ, ಗಂಡನನ್ನೂ ಹಾಗೇ ಕರೆಯುವುದು.

"ಛೆ ಛೆ. ನಾಯಿಗಾದ್ರೆ ಒಂದ್ಸಲ ಹೇಳಿದ್ರೆ ತಿಳಿಯುತ್ತೆ."

ಅವಳು ಮೂರು ಹೊತ್ತು ಮಾತು ಬಿಟ್ಟಳು. ಮರುದಿನ ಅಡುಗೆಮನೆಯಿಂದ ದೇವರ ಗುಡಿಯವರೆಗೆ ಹುಲ್ಲಿನ ನಡುವೆ ಚಪ್ಪಡಿ ಕಲ್ಲುಗಳು ಕೂತಿದ್ದವು, ಅವಳ ಹೆಜ್ಜೆಯ ಅಳತೆಗೇ. ಬೇರೆ ಯಾರೇ ನಡೆದರೂ ಎಡವುತ್ತಿದ್ದರು.

* * *

ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ಗಾಳಿಯೂ ಇರಲಿಲ್ಲ. ನಾಯಿಗಳು ಗೋಡೆಯ ಪಕ್ಕ ಸಾಲಾಗಿ ನಡೆಯುತ್ತಿದ್ದವು, ನಡುವಿನ ಜಾಗ ಹಾಗೇ ಬಿಟ್ಟುಕೊಂಡು. ಸಾದ್ರ ಕಳೆ ಕೀಳಲು ಬಗ್ಗುತ್ತಿದ್ದಲ್ಲೆಲ್ಲ ನಿಂತವು. ಒಂದು ನಾಯಿ ಹುಲ್ಲಿನ ಅಂಚಿಗೆ ಕಾಲೆತ್ತಿ, ಆಮೇಲೆ ಪಕ್ಕಕ್ಕೆ ಸರಿದು ಕಾಯಿತು.

"ಅದ್ಯಾಕೆ ಹಾಗೆ ನಿಂತಿದೆ?" ಜೊತೆಗೆ ಬಂದಿದ್ದ ಲಾಸ್ತ್ರಿಯ ತಾಯಿ ಪಿಸುಗುಟ್ಟಿದಳು.

"ಅವನು ಬಂದು ನೀರು ಹುಯ್ಯಲಿ ಅಂತ."

ಇಬ್ಬರೂ ನೋಡುತ್ತಿದ್ದಂತೆ ಅಲ್ಲಿನ ಹುಲ್ಲೆಳೆಗಳು ಬಾಗಿದವು, ಮೇಲಿಂದ ಏನೋ ಸುರಿದ ಹಾಗೆ. ಲಾಸ್ತ್ರಿಯ ತಾಯಿ ಓಡಿದ ಓಟಕ್ಕೆ ಅವಳ ನೆರಳು ಅರ್ಧ ಗಳಿಗೆ ತಡವಾಗಿ ಹೊರಟಿತು.

ತಂಬುನ್ ಜಗಲಿಯ ಮೇಲೆ ಕೂತಳು. ಅಳುವಂತಿಲ್ಲ, ಅತ್ತರೆ ಕಣ್ಣೀರು ಸತ್ತವನ ಕಾಲಿಗೆ ತೊಡರುತ್ತದೆ.

"ಬ್ಲಿ, ಹೋಗಿ. ಹುಲ್ಲನ್ನ ನಾನು ನೋಡ್ಕೋತೀನಿ."

ನಾಯಿಗಳು ಇನ್ನೊಂದು ಸುತ್ತು ಹೊರಟವು. ಅವಳು ಹುಲ್ಲು ನೋಡಿಕೊಳ್ಳುತ್ತಾಳೆಂದು ಬದುಕಿದ್ದಾಗಲೂ ಅವನು ನಂಬಿರಲಿಲ್ಲ. ಒಮ್ಮೆ ಅವಳು ಬಿಸಿ ಗಂಜಿನೀರು ಚೆಲ್ಲಿದ್ದ ಜಾಗವನ್ನು ವರ್ಷಗಟ್ಟಲೆ ಬಂದವರಿಗೆಲ್ಲ ತೋರಿಸಿದ್ದ.

"ಹೆಂಡ್ತಿ ಒಬ್ಬಳೇ ಆದ್ಲು ಅಂತ ಬಂದಿದ್ರೆ ಒಂದು ಮಾತು. ಹುಲ್ಲಿಗೋಸ್ಕರ ಬಂದಿದ್ದೀರಲ್ಲ! ಥೂ ನಿಮ್ಮ!"

ತೆಂಗಿನ ತಲೆಗಳಾಚೆ ಸ್ಮಶಾನದ ಹೊಗೆ ತೆಳ್ಳಗಾಗುತ್ತಿತ್ತು. ಈಗ ಬೂದಿ ಆರಿಸುತ್ತಾರೆ. ಆಮೇಲೆ ಕಡಲು. ಹುಲ್ಲು ಇರುವವರೆಗೂ ಈ ಮನುಷ್ಯನಿಗೆ ಇಲ್ಲಿ ಕೆಲಸ ಇರುತ್ತದೆ. ಅದು ಹೊಳೆದೊಡನೆ ಅವಳು ಅಡುಗೆಮನೆಗೆ ಹೋಗಿ ತಿಥಿಯೂಟದ ಹಂದಿಮೂಳೆಗಳ ಬುಟ್ಟಿ ತಂದು ಹುಲ್ಲಿನ ನಟ್ಟನಡುವೆ ಸುರಿದಳು.

ನಾಯಿಗಳು ಅಂಚಿಗೆ ಬಂದು ನಿಂತವು. ಜೊಲ್ಲು ಹೊಳೆಯಾಗಿ ಹರಿಯಿತು, ಪಾದ ಮಾತ್ರ ಕದಲಲಿಲ್ಲ. ಮುದಿ ಕರಿನಾಯಿ ಸೆಲೆಮ್ ಗೋಡೆಯ ಮೂಲೆಯತ್ತ ನೋಡಿ ಕಿವಿ ಮಡಚಿತು.

ತಂಬುನ್ ಕಲ್ಲಿನಿಂದ ಕೆಳಗಿಳಿದಳು. ಹುಲ್ಲಿನ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಬುಡಸಮೇತ ಕಿತ್ತಳು. ಬೇರು ಬಿಡುವ ಸದ್ದು ಬಟ್ಟೆ ಹರಿದಂತೆ ಕೇಳಿಸಿತು. ಅವಳು ತಲೆ ತಗ್ಗಿಸಿ, ಭುಜ ಕುಗ್ಗಿಸಿ, ಆ ಕೂಗಿಗಾಗಿ ಕಾದಳು.

ಕೂಗು ಬರಲಿಲ್ಲ.

ಇನ್ನೊಂದು ಹಿಡಿ ಕಿತ್ತಳು. ಸೆಲೆಮ್ ಒಂದು ಪಾದ ಇಟ್ಟಿತು, ಕಾಯಿತು, ಇನ್ನೊಂದು ಇಟ್ಟಿತು. ಆಮೇಲೆ ಐದೂ ನುಗ್ಗಿದವು. ಹಾರಿದ ಮಣ್ಣು ಸೂರಿನ ಹಂಚಿಗೆ ತಾಗಿತು. ದೇವಲೋಕದ ಹಸುಗಳು ಬೋರಿಟ್ಟು ಅತ್ತಿರಬೇಕು. ನಾಯಿಗಳ ಜೊತೆ ನಾಯಿಯಾಗಿ ತಂಬುನ್ ಕೂಡ ಅಗೆದಳು; ತನ್ನ ಹೆಜ್ಜೆಯ ಕಲ್ಲುಗಳನ್ನೂ ಬಿಡಲಿಲ್ಲ.

ಇದ್ದಕ್ಕಿದ್ದಂತೆ ನಾಯಿಗಳು ನಿಂತವು. ಐದು ತಲೆಗಳು ಒಟ್ಟಿಗೆ ಎದ್ದು, ಗೋಡೆಯ ಮೂಲೆಯಿಂದ ಹೊರಬಾಗಿಲವರೆಗೆ ಒಟ್ಟಿಗೆ ತಿರುಗಿದವು, ನಿಧಾನವಾಗಿ. ಬಾಗಿಲಾಚೆ ಕಡಲಿಗೆ ಹೋಗುವ ಓಣಿ ಖಾಲಿಯಿತ್ತು. ಎಲ್ಲಕ್ಕಿಂತ ಚಿಕ್ಕದು, ಬುದ್ಧಿ ಬಲಿಯದ ಕಂದುಮರಿ, ಚಂಗನೆ ಓಣಿಯತ್ತ ಹಾರಿತು.

ತಂಬುನ್ ಮಣ್ಣುಗೈಯಲ್ಲೇ ಅದರ ಕತ್ತಿನ ತೊಗಲು ಹಿಡಿದೆಳೆದು ಮಡಿಲಿಗೆ ಅವುಚಿಕೊಂಡಳು. ಮರಿ ಕೊಸರಾಡಿತು. ಕಣ್ಣು ಓಣಿಯಲ್ಲೇ ನೆಟ್ಟು, ಅವಳ ಹೊಟ್ಟೆಗೆ ಪಟಪಟನೆ ಬಾಲ ಬಡಿಯಿತು. ಅವಳು ಬಿಡಲಿಲ್ಲ. ಬಾಲದ ಬಡಿತ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಆಮೇಲೆ, ಓಣಿಯ ತಿರುವಿನಲ್ಲಿ ಯಾರೋ ಮರೆಯಾದಂತೆ, ನಿಂತಿತು.